ಅಪರೂಪದ ಇಂಗ್ಲಿಷ್ ಪದಗಳನ್ನು ಕೂಡಿಡುವ ಬಗೆ: ಒಂದು ಚೀಟಿ, ಒಂದು ಡಬ್ಬ, ಬೊಗಸೆಯಷ್ಟು ಅನುಮಾನ

ನಾಡಿದ್ದು ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನವರು ನಾಲ್ಕು ಪದ ಖರ್ಚು ಮಾಡುತ್ತಾರೆ. ಹಿಂದೆ ಅವರ ಬಳಿಯೂ ಒಂದೇ ಪದವಿತ್ತು: ಓವರ್‌ಮಾರೋ. 1535ರಲ್ಲಿ ಮೈಲ್ಸ್ ಕವರ್‌ಡೇಲ್ ಹೊರತಂದ ಇಂಗ್ಲಿಷ್ ಬೈಬಲ್ಲಿನಲ್ಲಿ ಅದು ಸಿಗುತ್ತದೆ. ಮೊನ್ನೆಗೂ ಒಂದು ಪದವಿತ್ತು, ಎರ್‌ಯೆಸ್ಟರ್‌ಡೇ. ಎರಡೂ ಬಳಕೆಯಿಂದ ಜಾರಿಹೋದವು. ನಾವು ಮಾತ್ರ ಹಾಲಿನವನಿಗೆ "ನಾಡಿದ್ದು ಅರ್ಧ ಲೀಟರ್ ಸಾಕು" ಎಂದು ಹೇಳುತ್ತಲೇ ಇದ್ದೇವೆ.

ನನ್ನ ಡಬ್ಬದ ಮೊದಲ ಚೀಟಿ ಈ ಓವರ್‌ಮಾರೋ ಪದದ್ದು. ಆಮೇಲೆ ಬಹಳ ಚೀಟಿಗಳು ಸೇರಿದವು. ಅವುಗಳಲ್ಲಿ ಅನೇಕವನ್ನು ಹರಿದೂ ಹಾಕಿದೆ, ಏಕೆಂದರೆ ಮೊದಲ ಎರಡು ವರ್ಷ ನಾನು ಕೂಡಿಟ್ಟದ್ದು ಪದಗಳನ್ನಲ್ಲ, ಬರಿಯ ಪಟ್ಟಿಗಳನ್ನು. ಪದ ಒಂದು ಕಡೆ, ಅರ್ಥ ಇನ್ನೊಂದು ಕಡೆ, ನಡುವೆ ಗೀಟು. ಯಾರು ಬಳಸಿದರು, ಯಾವಾಗ, ಯಾವ ವಾಕ್ಯದಲ್ಲಿ ಎಂಬುದೊಂದೂ ಇರಲಿಲ್ಲ. ಅಂಥ ಪಟ್ಟಿ ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗೆ. ಹೆಸರು ಮತ್ತು ಮೊತ್ತ ಇರುತ್ತದೆ, ಮನುಷ್ಯ ನೆನಪಿಗೆ ಬರುವುದಿಲ್ಲ. ಆ ತಪ್ಪನ್ನು ತಿದ್ದಿಕೊಂಡ ಮೇಲಿನ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಬೇಲಿ ಹಾಕಿಕೊಳ್ಳಿ

ಅಪರೂಪದ ಪದಗಳನ್ನೆಲ್ಲ ಹಿಡಿಯುತ್ತೇನೆ ಎಂದು ಹೊರಟವರು ಮೂರನೇ ವಾರ ಕೈಚೆಲ್ಲುತ್ತಾರೆ. ಒಂದೆರಡು ಬಗೆಯನ್ನು ಆರಿಸಿಕೊಳ್ಳಿ. ಸತ್ತುಹೋದ ಪದಗಳು ಒಂದು ಬಗೆ. ಹೆಸರಿರಬಹುದೆಂದು ನಾವು ಊಹಿಸಿಯೇ ಇರದ ವಸ್ತುಗಳ ಹೆಸರುಗಳು ಇನ್ನೊಂದು: ಶೂ ಲೇಸಿನ ತುದಿಯ ಕೊಳವೆ ಆಗ್ಲೆಟ್, ಪೆನ್ಸಿಲ್ಲಿನ ತುದಿಯಲ್ಲಿ ರಬ್ಬರನ್ನು ಹಿಡಿದಿಡುವ ತಗಡಿನ ಬಳೆ ಫೆರುಲ್, ಸಣ್ಣ ಐ ಅಕ್ಷರದ ತಲೆಯ ಮೇಲಿನ ಚುಕ್ಕೆ ಟಿಟಲ್, ಮೂಗಿನ ಕೆಳಗಿನಿಂದ ಮೇಲ್ದುಟಿಗೆ ಇಳಿಯುವ ತೋಡು ಫಿಲ್ಟ್ರಮ್, ಉಗುರಿನ ಬುಡದ ಬಿಳಿಯ ಅರ್ಧಚಂದ್ರ ಲುನ್ಯುಲ. ಹೊಸಬರಿಗೆ ನಾನು ಹೇಳುವುದು ಈ ಎರಡನೆಯ ಬಗೆಯನ್ನೇ. ವಸ್ತು ಕಣ್ಣೆದುರಿಗೇ ಇರುವುದರಿಂದ ಪದ ಮರೆಯುವುದಿಲ್ಲ.

ಬೇಲಿಯಾಚೆ ಇಡಬೇಕಾದದ್ದು ಉದ್ದವನ್ನೇ ಬಂಡವಾಳ ಮಾಡಿಕೊಂಡ ಪದಗಳನ್ನು. ನ್ಯೂಮೊನೊಅಲ್ಟ್ರಾಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೆನೊಕೊನಿಯೋಸಿಸ್ ಎಂಬ 45 ಅಕ್ಷರಗಳ ರೋಗದ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮೆರೆದವರು ನಮ್ಮಲ್ಲಿ ಎಷ್ಟು ಮಂದಿ! ಅದನ್ನು 1935ರಲ್ಲಿ ಕಟ್ಟಿದವರು ವೈದ್ಯರಲ್ಲ, ಅಮೆರಿಕದ ಒಗಟುಪ್ರಿಯರ ಸಂಘವೊಂದರ ಅಧ್ಯಕ್ಷರು. ದೂಳು ಕುಡಿದು ಶ್ವಾಸಕೋಶ ಕೆಟ್ಟ ಕಲ್ಲುಗಣಿಯ ಕಾರ್ಮಿಕನಿಗೆ ವೈದ್ಯರು ಬರೆಯುವುದು ಸಿಲಿಕೋಸಿಸ್ ಎಂದೇ. ಉದ್ದ ಪದಗಳ ಚಪಲ ಹಳೆಯದು. ರೋಮಿನ ಕವಿ ಹೊರೇಸ್ ಅವುಗಳನ್ನು ಒಂದೂವರೆ ಅಡಿಯ ಪದಗಳು ಎಂದು ಲೇವಡಿ ಮಾಡಿದ್ದ. ಅದರಿಂದಲೇ ಇಂಗ್ಲಿಷಿಗೆ ಸೆಸ್‌ಕ್ವಿಪೆಡೇಲಿಯನ್ ಎಂಬ ಗುಣವಾಚಕ ಬಂತು. ಈ ಪದಕ್ಕೆ ನನ್ನ ಡಬ್ಬದಲ್ಲಿ ಜಾಗ ಕೊಟ್ಟಿದ್ದೇನೆ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವವರ ಮೇಲೆ ನನಗೆ ಸ್ವಲ್ಪ ಪಕ್ಷಪಾತ.

ಹೆಜ್ಜೆ 2: ಸರಿಯಾದ ಜಾಗದಲ್ಲಿ ಹುಡುಕಿ

ಮೊಬೈಲಿಗೆ ಬಂದು ಬೀಳುವ "ನಿಮಗೆ ಗೊತ್ತಿಲ್ಲದ ಐವತ್ತು ಸುಂದರ ಪದಗಳು" ಎಂಬ ಚಿತ್ರಗಳನ್ನು ಅಲ್ಲೇ ಬಿಡಿ. ಅವು ಒಂದರಿಂದ ಒಂದು ನಕಲಾದವು, ನಕಲಾಗುತ್ತ ಅರ್ಥ ಕದಲಿದವು. ಪದ ಸಿಗಬೇಕಾದದ್ದು ಓದಿನಲ್ಲಿ.

ಹಕ್ಕುಸ್ವಾಮ್ಯ ಮುಗಿದ ಹಳೆಯ ಇಂಗ್ಲಿಷ್ ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಮತ್ತು ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಕಾದಂಬರಿಗಿಂತ ಕಸುಬಿನ ಪುಸ್ತಕ ಲೇಸು: ಹಡಗು ಕಟ್ಟುವುದು, ಕುದುರೆಯ ಜೀನು, ಅಚ್ಚಿನ ಮೊಳೆ, ಜೇನು ಸಾಕಣೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಪರೀಕ್ಷೆಯ ಗೈಡುಗಳ ರಾಶಿಯ ಅಡಿಯಲ್ಲಿ ಕೆಲವೊಮ್ಮೆ ಇಂಥವು ಇರುತ್ತವೆ. ಕಾಲುವೆಗಳ ಕುರಿತ ಪುಸ್ತಕವೊಂದರಲ್ಲಿ ನನಗೆ ಗಾಂಗೂಜ್ಲರ್ ಸಿಕ್ಕಿತು: ಕಾಲುವೆಯ ದಂಡೆಯಲ್ಲಿ ನಿಂತು ದೋಣಿಗಳ ಓಡಾಟವನ್ನು ಕೆಲಸವಿಲ್ಲದೆ ನೋಡುವವನು. ನಮ್ಮೂರಿನಲ್ಲಿ ಕಾಲುವೆಯಿಲ್ಲ, ಜೆಸಿಬಿ ಇದೆ. ನೋಡುವವರಿಗೇನೂ ಬರವಿಲ್ಲ.

ಇನ್ನೆರಡು ಗಣಿಗಳಿವೆ. ಒಂದು, ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಇಂಗ್ಲಿಷ್ ಉಪಭಾಷೆಗಳ ನಿಘಂಟು. ರೈಟ್ ಆರನೇ ವಯಸ್ಸಿಗೇ ಕತ್ತೆಗಾಡಿ ಹೊಡೆಯುವ ಕೂಲಿಗೆ ಸೇರಿದವರು, ಆಮೇಲೆ ಗಿರಣಿಯಲ್ಲಿ ದುಡಿದವರು. ಹದಿನೈದರ ಹರೆಯದವರೆಗೆ ಅವರಿಗೆ ಓದಲು ಬರುತ್ತಿರಲಿಲ್ಲ. ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಪಂಡಿತರು ಒರಟು ಎಂದು ಬದಿಗಿಟ್ಟ ಹಳ್ಳಿಯ ಮಾತು ಅವರ ನಿಘಂಟಿನಲ್ಲಿ ಮರ್ಯಾದೆಯಿಂದ ಕುಳಿತಿದೆ. ಇನ್ನೊಂದು, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್. ಭಾರತದಲ್ಲಿದ್ದ ಬ್ರಿಟಿಷರ ಬಾಯಿಗೆ ಬಿದ್ದ ಪದಗಳ ಕೋಶ ಅದು. ಹೆಸರೇ ಒಂದು ಕಥೆ: ಮೊಹರಂ ಮೆರವಣಿಗೆಯ "ಯಾ ಹಸನ್, ಯಾ ಹುಸೇನ್" ಎಂಬ ಕೂಗು ಬಿಳಿಯ ಸಿಪಾಯಿಗಳ ಕಿವಿಯಲ್ಲಿ ಹಾಬ್ಸನ್-ಜಾಬ್ಸನ್ ಆಯಿತು. ಬ್ಯಾಂಡಿಕೂಟ್ ಎಂಬುದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಿಲಿ, ನಮ್ಮ ಹೆಗ್ಗಣ. ಈ ಪುಸ್ತಕವನ್ನು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತು ತಪ್ಪುತ್ತದೆ ಎಂದು ಮೊದಲೇ ಎಚ್ಚರಿಸುತ್ತೇನೆ.

ಹೆಜ್ಜೆ 3: ಚೀಟಿ ಬರೆಯಿರಿ

ಇದೇ ಮುಖ್ಯ ಕೆಲಸ. ಪುಸ್ತಕದಲ್ಲಿ ಬರೆಯಬೇಡಿ, ಹಾಳೆ ಹೊಲಿದುಕೊಂಡಿರುತ್ತದೆ, ನಾಳೆ ಸಿಕ್ಕ ಪದವನ್ನು ನಿನ್ನೆಯ ಎರಡು ಪದಗಳ ನಡುವೆ ತೂರಿಸಲಾಗದು. ಅಂಗೈಯಗಲದ ಬಿಡಿ ಚೀಟಿಗಳಾದರೆ ಹೇಗೆ ಬೇಕಾದರೂ ಹಿಂದೆಮುಂದೆ ಮಾಡಬಹುದು. ಆಕ್ಸ್‌ಫರ್ಡ್ ನಿಘಂಟು ಹುಟ್ಟಿದ್ದೂ ಚೀಟಿಗಳಿಂದಲೇ. ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಇಂಗ್ಲಿಷ್ ಓದುಗರಿಗೆಲ್ಲ ಒಂದು ಮನವಿ ಹೊರಡಿಸಿ, ಓದುವಾಗ ಅಪರೂಪ, ಹಳತು, ಹೊಸತು, ವಿಚಿತ್ರ ಎನ್ನಿಸಿದ ಪ್ರತಿ ಪದವನ್ನೂ ಅದು ಬಂದ ವಾಕ್ಯದ ಸಮೇತ ಚೀಟಿಯಲ್ಲಿ ಬರೆದು ಕಳಿಸಿರೆಂದು ಕೇಳಿದರು. ಚೀಟಿಗಳು ಲಕ್ಷಗಟ್ಟಲೆ ಬಂದವು.

ನನ್ನ ಚೀಟಿಯ ವಿನ್ಯಾಸ ಇಷ್ಟು. ಎಡ ಮೇಲ್ಮೂಲೆಯಲ್ಲಿ ಪದ, ಇಂಗ್ಲಿಷ್ ಅಕ್ಷರಗಳಲ್ಲೇ. ಅದರ ಪಕ್ಕ ಉಚ್ಚಾರ, ಕನ್ನಡ ಅಕ್ಷರಗಳಲ್ಲಿ. ಬರೆದಂತೆ ಓದುವ ನಮ್ಮ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಡುವೆ ಪದ ಸಿಕ್ಕ ವಾಕ್ಯ, ಪೂರ್ತಿಯಾಗಿ. ಅದರ ಕೆಳಗೆ ಪುಸ್ತಕ, ವರ್ಷ, ಪುಟ. ಚೀಟಿಯ ಹಿಂಬದಿಯಲ್ಲಿ ಅರ್ಥ, ಬೇರು, ನಿಘಂಟು ಹಾಕಿದ ಗುರುತು. ಹಿಂಬದಿಯ ಬಲ ಕೆಳಮೂಲೆ ಕನ್ನಡಕ್ಕೆ ಮೀಸಲು. ಅದರ ಮಾತು ಆಮೇಲೆ.

ವಾಕ್ಯವನ್ನು ಮೊದಲು ಬರೆಯಿರಿ, ಅರ್ಥವನ್ನು ಮರುದಿನ. ವಾಕ್ಯವೊಂದನ್ನೇ ಇಟ್ಟುಕೊಂಡು ಅರ್ಥವನ್ನು ಊಹಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ನಿಘಂಟು ತೆರೆಯಿರಿ. ಊಹೆ ತಪ್ಪಿದ ಪದಗಳೇ ನನಗೆ ಗಟ್ಟಿಯಾಗಿ ನೆನಪಿರುವುದು.

ಮರ್ರೆಯವರಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅಪರೂಪದ್ದನ್ನು ಕಳಿಸಿ ಎಂದದ್ದಕ್ಕೆ ಓದುಗರು ಅಪರೂಪದ್ದನ್ನೇ ಕಳಿಸಿದರು. ಅಬ್ಯೂಜನ್ ಎಂಬ ಯಾರಿಗೂ ಬೇಡದ ಪದಕ್ಕೆ ಸುಮಾರು ಐವತ್ತು ಚೀಟಿಗಳಿದ್ದರೆ, ದಿನಬಳಕೆಯ ಅಬ್ಯೂಸ್ ಪದಕ್ಕೆ ಐದೂ ಇರಲಿಲ್ಲವಂತೆ. ಆದ್ದರಿಂದ ಅಪರೂಪದ ಪದವನ್ನು ಬರೆಯುವಾಗ ಅದೇ ಅರ್ಥದ ಸಾದಾ ಪದವನ್ನೂ ಪಕ್ಕದಲ್ಲಿ ಬರೆಯಿರಿ. ಸಾದಾ ಪದ ಇರುವಾಗ ಲೇಖಕ ಇದನ್ನೇ ಏಕೆ ಎತ್ತಿಕೊಂಡ? ಉತ್ತರ ಹೊಳೆದರೆ ಆ ಪದ ನಿಮ್ಮದಾಯಿತು.

ಹೆಜ್ಜೆ 4: ಅನುಮಾನಿಸಿ

ಅಚ್ಚಾದ ಮಾತ್ರಕ್ಕೆ ಪದವಾಗುವುದಿಲ್ಲ. 1934ರ ವೆಬ್‌ಸ್ಟರ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಡೋರ್ಡ್ ಎಂಬ ಪದವಿತ್ತು, ಭೌತ ಮತ್ತು ರಸಾಯನ ಶಾಸ್ತ್ರಗಳಲ್ಲಿ ಸಾಂದ್ರತೆ ಎಂಬ ಅರ್ಥದಲ್ಲಿ. ಸಾಂದ್ರತೆಗೆ ದೊಡ್ಡ ಡಿ ಅಥವಾ ಸಣ್ಣ ಡಿ ಅಕ್ಷರವನ್ನು ಸಂಕ್ಷೇಪವಾಗಿ ಬಳಸುತ್ತಾರೆ ಎಂದು ಯಾರೋ ಬರೆದ ಚೀಟಿ ಅದು. ಸಂಕ್ಷೇಪಗಳ ಕಟ್ಟಿಗೆ ಹೋಗಬೇಕಿದ್ದದ್ದು ಪದಗಳ ಕಟ್ಟಿಗೆ ಹೋಯಿತು. ಎರಡು ಡಿಗಳ ನಡುವೆ ಅಥವಾ ಎಂಬರ್ಥದ ಆರ್ ಸೇರಿ ಡೋರ್ಡ್ ಆಯಿತು. 1939ರಲ್ಲಿ ಒಬ್ಬ ಸಂಪಾದಕನಿಗೆ ಈ ಪದಕ್ಕೆ ಬೇರೇ ಇಲ್ಲವಲ್ಲ ಎಂದು ಅನುಮಾನ ಬರುವವರೆಗೂ ಅದು ನೆಮ್ಮದಿಯಾಗಿ ನಿಘಂಟಿನಲ್ಲಿ ವಾಸವಾಗಿತ್ತು. ಇಂಥವನ್ನು ದೆವ್ವಪದಗಳೆನ್ನುತ್ತಾರೆ.

ಬೇಕೆಂದೇ ನೆಟ್ಟ ದೆವ್ವಗಳೂ ಉಂಟು. 2001ರ ಅಮೆರಿಕನ್ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎಸ್‌ಕ್ವಿವೇಲಿಯನ್ಸ್ ಎಂಬ ಪದವನ್ನು, ಅಧಿಕೃತ ಹೊಣೆಯಿಂದ ಬೇಕೆಂದು ನುಣುಚಿಕೊಳ್ಳುವುದು ಎಂಬ ಅರ್ಥ ಕೊಟ್ಟು ಸೇರಿಸಿದ್ದರು. ನಕಲು ಮಾಡುವವರನ್ನು ಹಿಡಿಯಲು ಒಡ್ಡಿದ ಬೋನು. 2005ರಲ್ಲಿ ಗುಟ್ಟು ಹೊರಬಿತ್ತು. ನಾನೂ ಆ ಬೋನಿಗೆ ಬಿದ್ದವನೇ. ಅರ್ಥ ನೋಡಿ, ಎಷ್ಟು ಕಚೇರಿಗಳಿಗೆ ಹೊಂದುತ್ತದೆ ಎಂದು ಹಿಗ್ಗಿ ಬರೆದುಕೊಂಡಿದ್ದೆ.

ಹಾಗಾಗಿ ಪ್ರತಿ ಪದಕ್ಕೂ ಮೂರು ಪರೀಕ್ಷೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನಿಘಂಟುಗಳಲ್ಲಿ ಇದೆಯೇ? ನಿಘಂಟಿನ ಹೊರಗೆ, ನಿಜವಾದ ಬರಹದಲ್ಲಿ ಯಾರಾದರೂ ಬಳಸಿದ್ದಾರೆಯೇ? ಬೇರು ಗೊತ್ತೇ? ಎರಡನೆಯದಕ್ಕೆ ಗೂಗಲಿನ ಎನ್‌ಗ್ರಾಮ್ ಎಂಬ ಸಾಧನ ನೆರವಾಗುತ್ತದೆ. ಪದ ಯಾವ ದಶಕದಲ್ಲಿ ಎಷ್ಟು ಅಚ್ಚಾಗಿದೆ ಎಂಬ ಗೆರೆಯನ್ನು ಅದು ಎಳೆದು ತೋರಿಸುತ್ತದೆ. ಆದರೆ ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದುವುದೂ ಉಂಟು. ಗೆರೆಯನ್ನು ನಂಬಿ ಕೂರದೆ ಪುಟವನ್ನೇ ತೆರೆದು ನೋಡಿ.

ಆಕ್ಸ್‌ಫರ್ಡ್ ನಿಘಂಟಿನ ಗುರುತುಗಳನ್ನು ಓದಲು ಕಲಿಯುವುದೂ ಇದೇ ಹೆಜ್ಜೆಯ ಭಾಗ. ಪದದ ಮುಂದೆ ಕಠಾರಿಯ ಚಿಹ್ನೆಯಿದ್ದರೆ ಬಳಕೆ ನಿಂತುಹೋಗಿದೆ ಎಂದರ್ಥ. ಹಳೆಯ ಆವೃತ್ತಿಗಳಲ್ಲಿ ವಿರಳ ಎಂಬ ಗುರುತಿನ ತಲೆಯ ಮೇಲೆ ಪುಟ್ಟ 1 ಅಂಕಿ ಇದ್ದರೆ ಒಂದೇ ಒಂದು ಪ್ರಯೋಗ ಸಿಕ್ಕಿದೆ ಎಂದು, ಸೊನ್ನೆ ಇದ್ದರೆ ನಿಘಂಟುಗಳ ಹೊರಗೆ ಪ್ರಯೋಗವೇ ಸಿಕ್ಕಿಲ್ಲ ಎಂದು. ಒಂದು ಸಂದರ್ಭಕ್ಕೆಂದು ಹುಟ್ಟಿ ಅಲ್ಲೇ ಮುಗಿದ ಪದಕ್ಕೆ ನಾನ್ಸ್-ವರ್ಡ್ ಎಂಬ ಗುರುತನ್ನು ಚಾಲ್ತಿಗೆ ತಂದದ್ದು ಮರ್ರೆಯವರ ಈ ನಿಘಂಟೇ. ಅಂತರ್ಜಾಲದ ಈಗಿನ ಆವೃತ್ತಿಯಲ್ಲಿ ಪದದ ಬಳಕೆಯನ್ನು ಎಂಟು ಪಟ್ಟಿಗಳಲ್ಲಿ ಅಳೆದು ತೋರಿಸುತ್ತಾರೆ. ಮೊದಲ ಪಟ್ಟಿಯವು ತೀರಾ ಅಪರೂಪದವು.

ಈಗ ಅಪ್ರಿಸಿಟಿಯನ್ನು ನೋಡಿ. ಚಳಿಗಾಲದ ಬಿಸಿಲಿನ ಬೆಚ್ಚಗೆ ಎಂದು ಎಲ್ಲ ಪಟ್ಟಿಗಳಲ್ಲೂ ಮೆರೆಯುವ ಈ ಪದವನ್ನು 1623ರಲ್ಲಿ ಹೆನ್ರಿ ಕಾಕರಮ್ ತನ್ನ ಕಠಿಣ ಪದಗಳ ನಿಘಂಟಿನಲ್ಲಿ ಕೊಟ್ಟಿದ್ದ. ಆ ಕಾಲದ ನಿಘಂಟುಕಾರರು ಲ್ಯಾಟಿನ್ ಪದಗಳಿಗೆ ಇಂಗ್ಲಿಷ್ ಬಾಲ ಹಚ್ಚಿ, ಯಾರೂ ಆಡದ ಪದಗಳನ್ನೂ ಸೇರಿಸಿಕೊಳ್ಳುತ್ತಿದ್ದರು. ಅಂದರೆ ಇದು ಮಾತಿನಲ್ಲಿ ಬಾಳಿ ಸತ್ತ ಪದವಲ್ಲ, ಕಾಗದದಲ್ಲೇ ಮಲಗಿದ್ದದ್ದು. ಚೆಲುವಾದ ಪದ ನಿಜ. ನಾನು ಇಟ್ಟುಕೊಂಡಿದ್ದೇನೆ, ಹಿಂಬದಿಯಲ್ಲಿ ಈ ಮಾತನ್ನು ಬರೆದು.

ಹೆಜ್ಜೆ 5: ಬಿಡಿಸಿ ನೋಡಿ

ಹಲಸಿನ ತೊಳೆಯ ಹಾಗೆ ಪದವನ್ನೂ ಬಿಡಿಸಬೇಕು, ಸ್ವಲ್ಪ ಮೇಣ ಅಂಟಿದರೂ ಸರಿ. ಹಾರಿಪಿಲೇಶನ್ ಎಂಬುದು ಲ್ಯಾಟಿನ್ನಿನ ಎರಡು ತುಂಡು: ಹೊರೇರೆ, ಅಂದರೆ ನಿಮಿರಿ ನಿಲ್ಲು; ಪಿಲುಸ್, ಅಂದರೆ ಕೂದಲು. ನಮ್ಮ ರೋಮಾಂಚನವೇ, ಮೈ ನವಿರೇಳುವುದೇ. ಸಂಸ್ಕೃತ ಕಾವ್ಯಗಳ ಇಂಗ್ಲಿಷ್ ಅನುವಾದಗಳಲ್ಲಿ ಈ ಪದ ಮತ್ತೆ ಮತ್ತೆ ಎದುರಾಗುವುದು ಅದಕ್ಕೇ. ಇನ್ನೂ ಒಂದು ತುಂಡು ಮುಂದೆ ಹೋದರೆ, ಈ ಹೊರೇರೆಯೂ ಸಂಸ್ಕೃತದ ಹೃಷ್ ಧಾತುವೂ ಒಂದೇ ಬೇರಿನವು. ಎಂದರೆ ರೋಮಹರ್ಷದ ಹರ್ಷವೂ ದೆವ್ವದ ಸಿನಿಮಾದ ಹಾರರ್ ಕೂಡ ದಾಯಾದಿಗಳು. ಮೈಕೂದಲಿಗೆ ಸುಖಕ್ಕೆ ಎದ್ದದ್ದೋ ಭಯಕ್ಕೆ ಎದ್ದದ್ದೋ ಗೊತ್ತಾಗುವುದಿಲ್ಲವಲ್ಲ.

ಕೆಲವು ಪದಗಳನ್ನು ಬಿಡಿಸಿದರೆ ಕಥೆ ಬೀಳುತ್ತದೆ. ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವವನು ಅಲ್ಟ್ರಾಕ್ರೆಪಿಡೇರಿಯನ್. ಗ್ರೀಕ್ ಚಿತ್ರಕಾರ ಅಪೆಲೀಸನ ಚಿತ್ರದಲ್ಲಿ ಚಪ್ಪಲಿ ತಪ್ಪಾಗಿದೆ ಎಂದು ಒಬ್ಬ ಮೋಚಿ ಹೇಳಿದನಂತೆ. ಚಿತ್ರಕಾರ ತಿದ್ದಿದ. ಮರುದಿನ ಮೋಚಿ ಕಾಲನ್ನೂ ಟೀಕಿಸಿದಾಗ, ಚಪ್ಪಲಿಯಿಂದ ಮೇಲೆ ಹೋಗಬೇಡ ಎಂದುಬಿಟ್ಟ. 1819ರಲ್ಲಿ ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ತನ್ನನ್ನು ಹಳಿದ ವಿಮರ್ಶಕ ವಿಲಿಯಂ ಗಿಫರ್ಡನ ಮೇಲೆ ಈ ಪದ ಪ್ರಯೋಗಿಸಿದ. ಗಿಫರ್ಡ್ ಬಾಲ್ಯದಲ್ಲಿ ಮೋಚಿಯ ಬಳಿ ಕೆಲಸ ಕಲಿಯುತ್ತಿದ್ದವನು. ಚುಚ್ಚು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಇದಿಷ್ಟನ್ನೂ ಚೀಟಿಗೆ ಬರೆಯದಿದ್ದರೆ ಉಳಿಯುವುದು ನಾಲಗೆ ಹೊರಳದ ಹದಿನಾರು ಅಕ್ಷರ ಮಾತ್ರ.

ಹೆಜ್ಜೆ 6: ಕನ್ನಡದ ಮೂಲೆ

ಇಂಗ್ಲಿಷ್ ಒಂದೇ ಬಲ್ಲವರಿಗೆ ಇಲ್ಲದ ಸವಲತ್ತು ನಮಗಿದೆ. ಅವರು ಅಟ್ಟಕ್ಕೆ ಹಾಕಿದ ಎಷ್ಟೋ ಪದಗಳ ಅರ್ಥ ನಮ್ಮ ನಡುಮನೆಯಲ್ಲೇ ಓಡಾಡಿಕೊಂಡಿದೆ. ಸೋದರಮಾವನಿಗೆ ಹಳೆಯ ಇಂಗ್ಲಿಷಿನಲ್ಲಿ ಪ್ರತ್ಯೇಕ ಪದವಿತ್ತು. ಅದು ಮುಂದೆ ಈಮ್ ಎಂಬ ರೂಪದಲ್ಲಿ ಉತ್ತರದ ಆಡುಮಾತುಗಳಲ್ಲಿ ಬಹುಕಾಲ ಉಳಿಯಿತು. ತಂದೆಯ ಸೋದರನಿಗೆ ಬೇರೆಯೇ ಪದವಿತ್ತು, ಫ್ಯಾಡೆರ. ಫ್ರೆಂಚಿನಿಂದ ಅಂಕಲ್ ಬಂದ ಮೇಲೆ ಎರಡೂ ಸಾಮಾನ್ಯ ಬಳಕೆಯಿಂದ ಹೋದವು. ಈಮ್ ಚೀಟಿಯ ಮೂಲೆಯಲ್ಲಿ ಸೋದರಮಾವ ಎಂದು ಬರೆದಾಗ, ನಾವೀಗ ದೊಡ್ಡಪ್ಪ, ಚಿಕ್ಕಪ್ಪ, ಮಾವಂದಿರನ್ನೆಲ್ಲ ಅಂಕಲ್ ಮಾಡಿ ಹೊರಟಿರುವುದು ನೆನಪಾಗಿ ಪೆನ್ನು ಒಂದು ಕ್ಷಣ ನಿಂತಿತ್ತು.

ಮೂಲೆ ತುಂಬಲೇಬೇಕೆಂಬ ಹಟ ಬೇಡ. ಪೆಟ್ರಿಕೋರ್ ಪದವನ್ನು 1964ರಲ್ಲಿ ಇಬ್ಬರು ಆಸ್ಟ್ರೇಲಿಯನ್ ವಿಜ್ಞಾನಿಗಳು, ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ತಾಮಸ್, ನೇಚರ್ ಪತ್ರಿಕೆಯ ಲೇಖನದಲ್ಲಿ ಹುಟ್ಟಿಸಿದರು. ಗ್ರೀಕಿನಲ್ಲಿ ಪೆಟ್ರ ಎಂದರೆ ಬಂಡೆ, ಇಕೋರ್ ಎಂದರೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತ. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ ಅದು. ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರು ಅವರಿಗಿಂತ ಬಹಳ ಮೊದಲೇ ಅದನ್ನು ಶೀಶೆಗೆ ಇಳಿಸಿದ್ದರು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ನನಗೆ ಸಿಕ್ಕಿಲ್ಲ. ಮಣ್ಣಿನ ವಾಸನೆ ಎಂದೇ ಬರೆದಿದ್ದೇನೆ. ಸಂಸ್ಕೃತದ ತುಂಡುಗಳನ್ನು ಅಂಟಿಸಿ ಹೊಸದೊಂದನ್ನು ಹುಟ್ಟಿಸುವ ಆಸೆ ಬಂದರೆ ತಣ್ಣೀರು ಕುಡಿಯಿರಿ.

ಕಿಟೆಲ್ಲರ 1894ರ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿರುಗುಮುರುಗಾಗಿ ಬಳಸುವ ಉಪಾಯವೂ ಇದೆ. ನಿಮಗೆ ಚೆನ್ನಾಗಿ ಗೊತ್ತಿರುವ ಕನ್ನಡ ಪದ ತೆಗೆದು, ಅವರು ಕೊಟ್ಟ ಇಂಗ್ಲಿಷ್ ವಿವರಣೆ ಓದಿ. ನೂರಮೂವತ್ತು ವರ್ಷ ಹಳೆಯ ಆ ಇಂಗ್ಲಿಷಿನಲ್ಲಿ ನೀವು ಕಾಣದ ಪದಗಳು ಸಿಗುತ್ತವೆ, ಅರ್ಥ ಮೊದಲೇ ಗೊತ್ತಿರುತ್ತದೆ.

ಹೆಜ್ಜೆ 7: ಜೋಡಿಸಿಡಿ

ಶೂ ಬರುವ ರಟ್ಟಿನ ಡಬ್ಬ ಸಾಕು. ಚೀಟಿಗಳನ್ನು ಅಕ್ಷರದ ಕ್ರಮದಲ್ಲಿ ನಿಲ್ಲಿಸಿ. ಮೈ, ಮಳೆ, ನಂಟರು, ಬೈಗುಳ ಎಂದು ವಿಷಯವಾರು ಇನ್ನೊಂದು ಪಟ್ಟಿಯನ್ನು ಮಾತ್ರ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಅರ್ಥ ಹಿಡಿದು ಪದ ಹುಡುಕಲು ಅದು ಬೇಕು. ತಿಂಗಳಿಗೊಮ್ಮೆ ಚೀಟಿಗಳ ಫೋಟೋ ತೆಗೆಯಿರಿ. ಮರ್ರೆಯವರಿಗೆ ಹಿಂದಿನವರಿಂದ ಬಂದ ಚೀಟಿಗಳ ಮೂಟೆಯೊಂದರಲ್ಲಿ ಇಲಿ ಸಂಸಾರ ಹೂಡಿತ್ತು, ಎಚ್ ಅಕ್ಷರದ ಕಟ್ಟು ಇಟಲಿಯ ಫ್ಲಾರೆನ್ಸಿನಲ್ಲಿ ಪತ್ತೆಯಾಯಿತು. ಬಾಂಡ್‌ಮೇಡ್, ಅಂದರೆ ತೊತ್ತು ಎಂಬ ಪದದ ಚೀಟಿಗಳಂತೂ ಕಳೆದೇಹೋಗಿ ಆ ಪದವಿಲ್ಲದೆ ಸಂಪುಟ ಅಚ್ಚಾಯಿತು. 1933ರ ಪುರವಣಿಯವರೆಗೆ ಅದಕ್ಕೆ ಜಾಗ ಸಿಗಲಿಲ್ಲ.

ಹೆಜ್ಜೆ 8: ಬಳಸುವುದು, ಅಥವಾ ಸುಮ್ಮನಿರುವುದು

ವಾರಕ್ಕೊಮ್ಮೆ ಕಣ್ಣುಮುಚ್ಚಿ ಐದು ಚೀಟಿ ಎತ್ತಿ, ವಾಕ್ಯ ಓದಿ, ಅರ್ಥ ಹೇಳಿಕೊಳ್ಳಿ. ಬರಹದಲ್ಲಿ ಬಳಸುವುದಾದರೆ ಪುಟಕ್ಕೊಂದು, ಅದೂ ಸಾದಾ ಪದ ಸೋತ ಕಡೆ. 2017ರಲ್ಲಿ ಸಂಸದ ಶಶಿ ತರೂರ್ ತಮ್ಮ ಬಗ್ಗೆ ಟಿವಿಯಲ್ಲಿ ಬಂದ ವರದಿಗೆ ಸಿಟ್ಟಾಗಿ ಟ್ವೀಟೊಂದರಲ್ಲಿ ಫರಾಗೊ, ಅಂದರೆ ಕಲಸುಮೇಲೋಗರ, ಎಂದು ಬರೆದದ್ದೇ ದೇಶಕ್ಕೆ ದೇಶವೇ ನಿಘಂಟು ತೆರೆಯಿತು. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ದನಕ್ಕೆ ಹಾಕುವ ಕಲಬೆರಕೆ ಮೇವು. ಸಿಟ್ಟಿಗೆ ಸರಿಯಾಗಿ ಹೊಂದುವ ಪದ. ಆದರೆ ಓದಿದವರೆಲ್ಲ ಸಿಟ್ಟನ್ನು ಮರೆತು ಪದವನ್ನೇ ಹಿಡಿದುಕೊಂಡರು. ಬಳಸುವವರು ಈ ಅಪಾಯವನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ, ಎಲ್ಲ ಚೀಟಿಯೂ ಪೂರ್ತಿಯಾಗುವುದಿಲ್ಲ. ನನ್ನಲ್ಲೊಂದು ಡೋಲ್ ಎಂಬ ಪದದ ಚೀಟಿಯಿದೆ. ನಾಗರಹೊಳೆ, ಬಂಡೀಪುರಗಳಲ್ಲಿ ಹಿಂಡು ಕಟ್ಟಿ ಬೇಟೆಯಾಡುವ ಕೆಂಪು ಕಾಡುನಾಯಿಗೆ ಇಂಗ್ಲಿಷಿನ ಹೆಸರು ಅದು. ಬೇರು ಖಚಿತವಿಲ್ಲ, ಕನ್ನಡದ ತೋಳದಿಂದ ಬಂದಿರಬಹುದು ಎಂಬ ಊಹೆಯಿದೆ. ಆದರೆ ನಮಗೆ ತೋಳವೇ ಬೇರೆ ಪ್ರಾಣಿ, ಈ ನಾಯಿಯನ್ನು ನಾವು ಕರೆಯುವುದು ಸೀಳುನಾಯಿ ಎಂದು. ಕಾಡಿನಲ್ಲಿ ಯಾವನೋ ಬಿಳಿಯ ಬೆರಳು ತೋರಿಸಿ ಕೇಳಿದಾಗ ಪಕ್ಕದಲ್ಲಿದ್ದವನು ಏನೆಂದನೋ, ಕೇಳಿದವನಿಗೆ ಏನು ಕೇಳಿಸಿತೋ. ಚೀಟಿಯ ಕನ್ನಡದ ಮೂಲೆಯಲ್ಲಿ ತೋಳ ಎಂದು ಪೆನ್ಸಿಲಿನಲ್ಲಿ ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮತ್ತೆ ಡಬ್ಬದಲ್ಲಿ ನಿಲ್ಲಿಸಿದ್ದೇನೆ.